ಸಿಲಿಂಡರ್ ಹೆಡ್ ಪೋರ್ಟಿಂಗ್

ಸಿಲಿಂಡರ್ ಹೆಡ್‌ನಲ್ಲಿ ಗಾಳಿ ಮತ್ತು ಇಂಧನ ಒಳಬರುವ, ಸುಟ್ಟ ಅನಿಲ ಹೊರಹೋಗುವ ದಾರಿಗಳನ್ನು (ಪೋರ್ಟ್) ಗ್ರೈಂಡರಿನಿಂದ ಇಲ್ಲವೇ ಸಿಎನ್‌ಸಿ ಯಂತ್ರದಿಂದ ತಿದ್ದಿ ಎಂಜಿನ್ನಿನ ಶಕ್ತಿ ಹೆಚ್ಚಿಸುವ ಕೆಲಸ. ಎರಕದಲ್ಲಿ ಉಳಿದ ಉಬ್ಬು, ಅಂಚುಗಳು ಗಾಳಿಯ ಹರಿವಿಗೆ ಅಡ್ಡಿಯಾಗುತ್ತವೆ.

ಪೋರ್ಟ್ ದೊಡ್ಡದಾದಷ್ಟೂ ಒಳ್ಳೆಯದೆಂಬುದು ತಪ್ಪು ಕಲ್ಪನೆ. ಅತಿಯಾಗಿ ಅಗಲಿಸಿದರೆ ಗಾಳಿಯ ವೇಗ ಕುಗ್ಗಿ, ಕಡಿಮೆ ಆರ್‌ಪಿಎಂನಲ್ಲಿ ಎಂಜಿನ್ನಿನ ಎಳೆತ ಸೊರಗುತ್ತದೆ. ಇನ್ನೂ ಕೊರೆದರೆ ಹೆಡ್ಡನ್ನು ತಂಪಾಗಿಸುವ ನೀರಿನ ಜಾಕೆಟ್‌ಗೇ ತೂತು ಬಿದ್ದೀತು. ನಿಜವಾದ ಲಾಭ ಇರುವುದು ವಾಲ್ವ್ ಸೀಟಿನ ಆಸುಪಾಸಿನಲ್ಲಿ, ಅದರಲ್ಲೂ ಪೋರ್ಟ್ ವಾಲ್ವಿನತ್ತ ಬಾಗುವ ತಿರುವಿನ ಒಳಮಗ್ಗುಲಲ್ಲಿ. ಅಲ್ಲಿ ಅಂಚು ಚೂಪಾಗಿದ್ದರೆ ಗಾಳಿ ಗೋಡೆ ಬಿಟ್ಟು ಸುಳಿಯಾಗುತ್ತದೆ. ಸೀಟನ್ನು 30, 45, 60 ಡಿಗ್ರಿಯ ಮೂರು ಕೋನಗಳಲ್ಲಿ ಕಡಿಯುವುದು ರೂಢಿ. ಕಾರ್ಬ್ಯುರೇಟರ್ ಎಂಜಿನ್ನಿನ ಒಳಪೋರ್ಟನ್ನು ಕನ್ನಡಿಯಂತೆ ಹೊಳೆಸಬಾರದು. ತುಸು ತರಿ ಉಳಿದರೆ ಗೋಡೆಗಂಟಿದ ಪೆಟ್ರೋಲ್ ಮತ್ತೆ ಗಾಳಿಯಲ್ಲಿ ಬೆರೆಯುತ್ತದೆ. ಹೊರಪೋರ್ಟನ್ನು ನುಣುಪಾಗಿಸಿದರೆ ಮಸಿ ಕೂರುವುದು ತಗ್ಗುತ್ತದೆ. ಕಣ್ಣಂದಾಜು ಸಾಲದು: ಪ್ರತಿ ಹಂತದಲ್ಲೂ ಫ್ಲೋ ಬೆಂಚ್ ಮೇಲೆ ಹರಿವನ್ನು ಅಳೆಯಬೇಕು.

ಗಾಳಿಯ ಹರಿವನ್ನು ಅಳೆದು ಹೆಡ್ ರೂಪಿಸುವುದರಲ್ಲಿ ಬ್ರಿಟನ್ನಿನ ಎಂಜಿನಿಯರ್ ಹ್ಯಾರಿ ವೆಸ್ಲೇಕ್ ಅಗ್ರಗಣ್ಯ. 1948ರಲ್ಲಿ ಬಂದ ಜಾಗ್ವಾರ್ ಎಕ್ಸ್‌ಕೆ ಎಂಜಿನ್ನಿನ ಹೆಡ್‌ನಲ್ಲಿ ಅವರ ಕೈಚಳಕವಿದೆ. 1967ರ ಬೆಲ್ಜಿಯನ್ ಗ್ರಾನ್ ಪ್ರಿಯಲ್ಲಿ ಡ್ಯಾನ್ ಗರ್ನಿ ಗೆದ್ದ ಈಗಲ್ ಕಾರಿನ ವಿ12 ಎಂಜಿನ್ನೂ ವೆಸ್ಲೇಕ್ ಸಂಸ್ಥೆಯದೇ.