ಭೀಮಗಡ ವನ್ಯಜೀವಿಧಾಮ

ಬೆಳಗಾವಿ ಜಿಲ್ಲೆ ಖಾನಾಪುರ ತಾಲ್ಲೂಕಿನ ಪಶ್ಚಿಮಘಟ್ಟದಲ್ಲಿರುವ ಸಂರಕ್ಷಿತ ಪ್ರದೇಶ. ವಿಸ್ತೀರ್ಣ ಸುಮಾರು 190 ಚ.ಕಿ.ಮೀ. ನಿತ್ಯಹರಿದ್ವರ್ಣ, ಅರೆ ನಿತ್ಯಹರಿದ್ವರ್ಣ ಮತ್ತು ಎಲೆಯುದುರುವ ಕಾಡುಗಳು ಇಲ್ಲಿ ಬೆರೆತಿವೆ. ಗೋವಾದ ಮಹದಾಯಿ ವನ್ಯಜೀವಿಧಾಮಕ್ಕೂ ದಾಂಡೇಲಿ ಸೀಮೆಯ ಅರಣ್ಯಕ್ಕೂ ಕೊಂಡಿಯಾಗಿರುವ ಈ ಕಾಡು ಹುಲಿ, ಕಾಟಿ, ಕರಡಿಗಳ ಓಡಾಟದ ಹಾದಿ. ಮಹದಾಯಿ ನದಿ ಹುಟ್ಟುವುದೂ ಇಲ್ಲಿನ ದೇಗಾಂವದ ಬಳಿಯೇ.

ಕಾಡಿನ ನಡುವಣ ಬೆಟ್ಟದ ಮೇಲಿರುವ ಕೋಟೆಯಿಂದ ಭೀಮಗಡ ಎಂಬ ಹೆಸರು ಬಂದಿದೆ. ಗೋವಾದ ಪೋರ್ಚುಗೀಸರನ್ನು ತಡೆಯಲು 17ನೆಯ ಶತಮಾನದಲ್ಲಿ ಶಿವಾಜಿ ಇದನ್ನು ಕಟ್ಟಿಸಿದನೆಂಬ ಪ್ರತೀತಿಯಿದೆ.

ಪ್ರಾಣಿವಿಜ್ಞಾನದಲ್ಲಿ ಈ ಪ್ರದೇಶಕ್ಕೆ ಹೆಸರು ತಂದದ್ದು ಒಂದು ಬಾವಲಿ. ತಳೇವಾಡಿ ಸಮೀಪದ ಬಾರಾಪೆಡೆ ಗುಹೆಯಲ್ಲಿ ದೊರೆತ ಬಾವಲಿಯನ್ನು ಪ್ರಾಣಿವಿಜ್ಞಾನಿ ಓಲ್ಡ್‌ಫೀಲ್ಡ್ ಥಾಮಸ್ 1913ರಲ್ಲಿ ಹೊಸ ಪ್ರಭೇದವೆಂದು ವರ್ಣಿಸಿ, ಅರಣ್ಯಾಧಿಕಾರಿಯಾಗಿದ್ದ ಆರ್.ಸಿ. ರಾಟನ್ ಅವರ ಹೆಸರಿಟ್ಟರು. ಹಣೆಯ ಮೇಲೆ ಕೂಡುವ ಅಗಲವಾದ ಕಿವಿಗಳು, ಕಪ್ಪುಗಂದು ಮೈ, ಕತ್ತಿನ ಹಿಂಬದಿಯಲ್ಲಿ ಬೂದುಬಿಳಿ ಪಟ್ಟೆ, ಹಿಂಗಾಲುಗಳ ನಡುವಣ ಪೊರೆಯಿಂದ ಹೊರಚಾಚಿದ ಬಾಲ ಇದರ ಗುರುತು. ಮುಂದೆ ಕಾಂಬೋಡಿಯ ಮತ್ತು ಮೇಘಾಲಯಗಳಲ್ಲಿ ಪತ್ತೆಯಾಗುವವರೆಗೆ, ಹಲವು ದಶಕ ಕಾಲ ಜಗತ್ತಿಗೆ ಗೊತ್ತಿದ್ದ ಇದರ ನೆಲೆ ಈ ಗುಹೆಯೊಂದೇ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಅನುಸೂಚಿಯಲ್ಲಿ ಇದಕ್ಕೆ ಸ್ಥಾನವಿದೆ.

ಇಷ್ಟು ಮಹತ್ವವಿದ್ದರೂ ಈ ಕಾಡಿಗೆ ಪ್ರತ್ಯೇಕ ರಕ್ಷಣೆ ದೊರೆಯಲು ಸುಮಾರು ನೂರು ವರ್ಷ ಬೇಕಾಯಿತು. ಬೆಳಗಾವಿಯ ಪರಿಸರಪ್ರಿಯರು ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ, ರಾಜ್ಯ ಸರ್ಕಾರ 2011ರ ಡಿಸೆಂಬರ್‌ನಲ್ಲಿ ಇದನ್ನು ವನ್ಯಜೀವಿಧಾಮವೆಂದು ಘೋಷಿಸಿತು.

ಇದೇ ಅವಧಿಯಲ್ಲಿ ಮಹದಾಯಿ ನೀರಿನ ವ್ಯಾಜ್ಯವೂ ಕಾವೇರಿತ್ತು. 2010ರಲ್ಲಿ ರಚನೆಯಾದ ನ್ಯಾಯಾಧಿಕರಣವು 2018ರ ಐತೀರ್ಪಿನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ನೀರು ಹಂಚಿತು. ಅದರಲ್ಲಿ 3.9 ಟಿಎಂಸಿ ಕಳಸಾ ಮತ್ತು ಬಂಡೂರಿ ಹಳ್ಳಗಳಿಂದ ಮಲಪ್ರಭಾ ನದಿಗೆ ತಿರುಗಿಸಬೇಕಾದ ಪಾಲು. ಮಲಪ್ರಭೆಯನ್ನು ನಂಬಿದ ಊರುಗಳ ಬಾಯಾರಿಕೆಯೂ ಈ ಕಾಡಿನ ಉಳಿವೂ ಒಂದೇ ಜಲಾನಯನ ಪ್ರದೇಶವನ್ನು ಆಶ್ರಯಿಸಿವೆ.

ಕಾಡಿನೊಳಗೆ ತಳೇವಾಡಿ, ಗವಾಳಿ, ಕೃಷ್ಣಾಪುರ, ಆಮಗಾಂವ ಮುಂತಾದ ಊರುಗಳಿವೆ. ಮಳೆಗಾಲದಲ್ಲಿ ಹಳ್ಳಗಳು ತುಂಬಿದರೆ ಹೊರಜಗತ್ತಿನ ಸಂಪರ್ಕ ಕಡಿದುಹೋಗುತ್ತದೆ. 2024ರ ಜುಲೈನಲ್ಲಿ ಆಮಗಾಂವದ ಅಸ್ವಸ್ಥ ಮಹಿಳೆಯೊಬ್ಬರನ್ನು ಊರವರು ಕಾಡುದಾರಿಯಲ್ಲಿ ಹೊತ್ತು ತರಬೇಕಾಯಿತು. ಸ್ವಇಚ್ಛೆಯಿಂದ ಹೊರಬರುವ ಕುಟುಂಬಕ್ಕೆ ತಲಾ 15 ಲಕ್ಷ ರೂಪಾಯಿ ಕೊಡುವ ಪುನರ್ವಸತಿ ಯೋಜನೆಯಡಿ, 2025ರಲ್ಲಿ ತಳೇವಾಡಿಯ ಕುಟುಂಬಗಳಿಗೆ ಮೊದಲ ಕಂತು ಸಂದಿತು. ತಲೆಮಾರುಗಳಿಂದ ಕಾಡಿನೊಡನೆ ಬಾಳಿದ ಈ ಜನರಿಗೆ, ಹೊರಬಂದರೂ ಅಲ್ಲೇ ಉಳಿದರೂ, ನ್ಯಾಯ ಸಿಕ್ಕಾಗಲೇ ಭೀಮಗಡದ ಸಂರಕ್ಷಣೆ ಪೂರ್ಣವಾಗುತ್ತದೆ.