ಲೇಖನಿಗೂ ಕತ್ತರಿಗೂ ವ್ಯಾಜ್ಯ

ಸ್ಪೇನ್ ದೇಶದ ಕಸ್ತೀಲ ಪ್ರಾಂತದಲ್ಲಿದ್ದ ಶೆಮ್ ತೋವ್ ಎಂಬ ಯೆಹೂದ್ಯ ಕವಿಯು 1345ರಲ್ಲಿ ಹೀಬ್ರೂ ಭಾಷೆಯಲ್ಲಿ ಒಂದು ವಿನೋದಗ್ರಂಥವನ್ನು ರಚಿಸಿದನು. ಚಳಿಗಾಲದಲ್ಲಿ ದೌತಿಯೊಳಗಿನ ಮಸಿಯು ಹೆಪ್ಪುಗಟ್ಟಲು, ಕತ್ತರಿಯಿಂದ ಕಾಗದದಲ್ಲಿ ಅಕ್ಷರಗಳನ್ನೇ ಕತ್ತರಿಸಿ ಬರವಣಿಗೆಯನ್ನು ಸಾಗಿಸಬಹುದೆಂಬುದು ಅದರ ಪ್ರಸಂಗ. ಅಲ್ಲಿಂದ ಲೇಖನಿಗೂ ಕತ್ತರಿಗೂ ತಮ್ಮಲ್ಲಿ ಶ್ರೇಷ್ಠರು ಯಾರೆಂಬ ವಾಗ್ವಾದ. ಗ್ರಂಥದ ಒಳಾರ್ಥದ ವಿಷಯದಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಆದರೂ ಯೆಹೂದ್ಯರಲ್ಲಿ ಕಾಗದ ಕತ್ತರಿಸುವ ಕಲೆಯಿದ್ದಿತೆಂಬುದಕ್ಕೆ ದೊರೆತಿರುವ ಅತಿ ಹಳೆಯ ಆಧಾರಗಳಲ್ಲಿ ಇದೊಂದು.

ವ್ಯಾಜ್ಯವು ಕೇವಲ ವಿನೋದದ್ದಲ್ಲ. ತೋರಾ ಎಂಬ ಧರ್ಮಗ್ರಂಥದ ಸುರುಳಿಯಲ್ಲಿ 3,04,805 ಅಕ್ಷರಗಳುಂಟು. ಲಿಪಿಕಾರನು ಅವೆಲ್ಲವನ್ನೂ ಶುದ್ಧವೆನಿಸಿದ ಪ್ರಾಣಿಯ ಚರ್ಮದ ಮೇಲೆ, ಮೂಲಪ್ರತಿಯನ್ನು ನೋಡಿಕೊಂಡೇ, ಕೈಯಿಂದ ಬರೆಯತಕ್ಕದ್ದು. ಬರೆದುದರಿಂದಲೇ ಅಕ್ಷರವು ಉಂಟಾಗಬೇಕು. ಸುತ್ತಣ ಭಾಗವನ್ನು ಕೆತ್ತಿ ತೆಗೆದುದರಿಂದ ಉಳಿದ ಆಕಾರವು ಅಕ್ಷರವೆನಿಸದು ಎಂದು ಅವರ ಶಾಸ್ತ್ರದ ಕಟ್ಟಳೆ. ತಾಳೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಕೊರೆದುದನ್ನೇ ಬರವಣಿಗೆಯೆಂದು ತಿಳಿದು ಬಂದ ಕನ್ನಡಿಗರಿಗೆ ಈ ವಿವೇಚನೆಯು ಅತಿಸೂಕ್ಷ್ಮವೆಂದು ತೋರಬಹುದು. ಇದಕ್ಕಿಂತಲೂ ಸ್ವಾರಸ್ಯವಾದ ವಿಷಯವೊಂದುಂಟು. ಸೀನಾಯಿ ಪರ್ವತದಲ್ಲಿ ಮೋಶೆಗೆ ದೊರೆತ ಶಿಲಾಫಲಕಗಳಲ್ಲಿ ಅಕ್ಷರಗಳು ಕಲ್ಲನ್ನು ಆಚೆಯವರೆಗೂ ಭೇದಿಸಿದ್ದುವೆಂದು ತಾಲ್ಮೂದಿನ ಐತಿಹ್ಯ. ಹಾಗಿದ್ದಲ್ಲಿ, ಸುತ್ತಲೂ ಮುಚ್ಚಿದ ಆಕಾರವುಳ್ಳ ಸಾಮೆಖ್ ಮತ್ತು ಪದಾಂತ್ಯದ ಮೇಮ್ ಎಂಬ ಅಕ್ಷರಗಳ ನಡುವಣ ಕಲ್ಲು ಬಿದ್ದುಹೋಗಬೇಕಷ್ಟೆ. ಅದು ಪವಾಡದಿಂದ ನಿಂತಿದ್ದಿತೆಂದು ರವ್ ಹಿಸ್ದಾ ಎಂಬ ಆಚಾರ್ಯನ ಸಮಾಧಾನ.

ಕತ್ತರಿಗೆ ಸುರುಳಿಯಲ್ಲಿ ಎಡೆ ದೊರೆಯದಿದ್ದರೂ ಮನೆಯ ಗೋಡೆಯಲ್ಲಿ ದೊರೆಯಿತು. 19ನೆಯ ಶತಮಾನದಲ್ಲಿ ಕಾಗದವು ಅಗ್ಗವಾಗಲು, ಪೋಲೆಂಡ್, ಉಕ್ರೇನ್ ಮೊದಲಾದ ಸೀಮೆಗಳ ಬಡ ಯೆಹೂದ್ಯ ಉಪಾಧ್ಯಾಯರೂ ಪಾಠಶಾಲೆಯ ವಿದ್ಯಾರ್ಥಿಗಳೂ ಈ ಕಲೆಯನ್ನು ಕೈಗೊಂಡರು. ಪ್ರಾರ್ಥನೆಗೆ ಯೆರೂಸಲೇಮಿನ ದಿಕ್ಕನ್ನು ಸೂಚಿಸಲು ಪೂರ್ವದ ಗೋಡೆಗೆ ತೂಗುಹಾಕುವ ಮಿಜ್ರಾಹ್ ಇವುಗಳಲ್ಲಿ ಮುಖ್ಯವಾದುದು. ಶಾವುವೋತ್ ಹಬ್ಬಕ್ಕೆ ಕಿಟಕಿಯ ಗಾಜಿಗೆ ಅಂಟಿಸುವ ಹೂಚಕ್ರಗಳೂ ಉಂಟು. ಹಾಳೆಯನ್ನು ನಡುವೆ ಮಡಿಸಿ, ಹಲಗೆಯ ಮೇಲಿಟ್ಟು, ಹರಿತವಾದ ಚಾಕುವಿನಿಂದ ಕೊರೆದು ಬಿಡಿಸಿದರೆ, ಏಳು ಕವಲಿನ ದೀಪಸ್ತಂಭದ ಇಕ್ಕೆಲಗಳಲ್ಲಿ ಸಿಂಹಕ್ಕೆ ಸಿಂಹವೂ ಜಿಂಕೆಗೆ ಜಿಂಕೆಯೂ ಎದುರಾಗಿ ನಿಲ್ಲುವುವು. ಅಕ್ಷರವನ್ನಾದರೋ ಹೀಗೆ ಮಡಿಸಿ ಕೊರೆಯುವಂತಿಲ್ಲ. ಒಂದು ಪಾರ್ಶ್ವದಲ್ಲಿ ಅದು ಕನ್ನಡಿಯೊಳಗಿನಂತೆ ಹಿಂದುಮುಂದಾಗುವುದು. ಆದುದರಿಂದ ಕೊರೆಯುವ ಕೆಲಸವು ಮುಗಿದ ಮೇಲೆ ವೇದವಾಕ್ಯಗಳನ್ನು ಲೇಖನಿಯಿಂದ ಬರೆಯುವುದು ಬಹುಮಟ್ಟಿಗೆ ರೂಢಿಯಾಯಿತು. ಶೆಮ್ ತೋವನ ವಾದಿ ಪ್ರತಿವಾದಿಗಳು ಐದು ಶತಮಾನಗಳ ತರುವಾಯ ಒಂದೇ ಹಾಳೆಯಲ್ಲಿ ರಾಜಿಯಾದುದು ಹೀಗೆ.

ಗೀಜಾ ಫ್ರಾಂಕೆಲ್ ಎಂಬ ವಿದುಷಿಯು ಈ ಕಲೆಯನ್ನು ಕುರಿತು 1929ರಲ್ಲಿಯೇ ಪೋಲೆಂಡಿನಲ್ಲಿ ಲೇಖನವನ್ನು ಪ್ರಕಟಿಸಿದ್ದರು. ಹತ್ತು ವರ್ಷಗಳಲ್ಲಿ ಯುದ್ಧವು ಬಂದಿತು. ಆ ದೇಶದ ಸುಮಾರು 33 ಲಕ್ಷ ಯೆಹೂದ್ಯರಲ್ಲಿ 30 ಲಕ್ಷದಷ್ಟು ಜನರು ನಾಜಿಗಳಿಂದ ಹತರಾದರು. ಮನುಷ್ಯರೇ ಉಳಿಯದ ಮನೆಗಳಲ್ಲಿ ಗೋಡೆಯ ಕಾಗದವು ಉಳಿಯುವುದೆಂತು? ಮೊದಲೇ ದೇಶಾಂತರ ಹೋದವರ ಪೆಟ್ಟಿಗೆಗಳಲ್ಲಿಯೂ ವಸ್ತುಸಂಗ್ರಹಾಲಯಗಳಲ್ಲಿಯೂ ಇದ್ದ ಅಲ್ಪಸಂಖ್ಯೆಯ ಕೃತಿಗಳು ಉಳಿದುವು. ಕೊರೆದವರಲ್ಲಿ ಅನೇಕರ ಹೆಸರು ಉಳಿಯಲಿಲ್ಲ. ಫ್ರಾಂಕೆಲ್ ಅವರು ಬದುಕಿ ಇಸ್ರೇಲಿಗೆ ಬಂದು, 1983ರಲ್ಲಿ ಈ ವಿಷಯವಾಗಿ ಒಂದು ಗ್ರಂಥವನ್ನೇ ಹೊರತಂದರು.

ಚಾಕುವನ್ನು ಮರಳಿ ಕೈಗೆತ್ತಿಕೊಂಡವರಲ್ಲಿ ಪ್ರಮುಖರು ಯೆಹೂದಿತ್ ಶಾದುರ್. ಅಮೆರಿಕದಲ್ಲಿ ಜನಿಸಿ ಇಸ್ರೇಲಿನಲ್ಲಿ ನೆಲೆಸಿದ ಈ ಕಲಾವಿದೆಯು 1960ರ ದಶಕದಿಂದ ಹೊಸ ಕೃತಿಗಳನ್ನು ರಚಿಸಿದುದಲ್ಲದೆ, ಪತಿ ಜೋಸೆಫರೊಡನೆ ಹಳೆಯವುಗಳನ್ನು ಅರಸಿ, 1994ರಲ್ಲಿ ಅವುಗಳ ಇತಿಹಾಸವನ್ನು ಬರೆದರು. ಈಗಿನ ಕಲಾವಿದರು ವಿವಾಹಪತ್ರಗಳ ಅಂಚನ್ನು ಕೊರೆದು ಒಡಂಬಡಿಕೆಯನ್ನು ಲೇಖನಿಯಿಂದ ಬರೆಯುವುದುಂಟು. ಕೆಲವರು ಅಕ್ಷರಗಳನ್ನೂ ಕೊರೆಯುವರು. ಅಲ್ಲಿ ಹಳೆಯ ತೊಡಕು ಮತ್ತೆ ಎದುರಾಗುತ್ತದೆ. ಹೇ ಎಂಬ ಅಕ್ಷರದ ಎಡಗಾಲು ಮೇಲಣ ಅಡ್ಡಗೆರೆಗೆ ತಾಗಬಾರದೆಂದು ಲಿಪಿಕಾರನ ನಿಯಮ. ಕಾಗದದಲ್ಲಾದರೋ ತಾಗದ ಕಾಲು ಉದುರಿಬೀಳುವುದು. ಕೊರೆಯುವವರು ಪಕ್ಕದ ಬಳ್ಳಿಯ ಕುಡಿಯೊಂದನ್ನು ಎಳೆತಂದು ಅದಕ್ಕೆ ಆಸರೆ ಕೊಡುತ್ತಾರೆ. ಅಕ್ಷರವನ್ನೇ ಕೊರೆದು ತೆಗೆಯುವುದಾದಲ್ಲಿ, ಸಾಮೆಖ್ ಮೇಮ್‌ಗಳ ನಡುವಣ ತುಂಡಿಗೆ ಕೂದಲೆಳೆಯಷ್ಟು ಕಾಗದವನ್ನು ಸೇತುವೆಯಾಗಿ ಉಳಿಸುತ್ತಾರೆ.