ಕೊಟ್ಟವರ ಮಡಿಲು



'ದತ್ತ' ಎಂಬ ಸಂಸ್ಕೃತ ಶಬ್ದಕ್ಕೆ 'ಕೊಡಲ್ಪಟ್ಟ' ಎಂದರ್ಥ. ಕನ್ನಡದ 'ದತ್ತು' ಅದರಿಂದಲೇ ಬಂದುದು. ಮಗುವನ್ನು ಪಡೆದವರ ಸಂಭ್ರಮವು ಲೋಕಕ್ಕೆ ಕಾಣುತ್ತದೆ. ಶಬ್ದವು ನೆನಪಿಸುವುದಾದರೋ ಕೊಟ್ಟವರನ್ನು.

ಬಸವಣ್ಣನವರಿಗಿಂತ ಕೆಲವು ದಶಕಗಳ ಮೊದಲು, ಅದೇ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ (1076-1126) ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ರಚಿಸಿದನು. ಆಪತ್ತು ಒದಗದೆ ಮಗನನ್ನು ಕೊಡಬಾರದು, ಈ ನಿಷೇಧವು ಕೊಡುವವರಿಗೆ ಸಂಬಂಧಿಸಿದ್ದು ಎಂದು ಅವನು ಸ್ಪಷ್ಟಪಡಿಸಿದನು. ಒಬ್ಬನೇ ಮಗನಿದ್ದರೆ ಅವನನ್ನೂ ಕೊಡುವಂತಿರಲಿಲ್ಲ. ಹೆತ್ತವರು ಮಗುವನ್ನು ಕೊಡುವುದು ಸಂಕಟದ ಕೊನೆಯ ದಾರಿಯೆಂಬ ತಿಳಿವು ಇಲ್ಲಿದೆ. ಆದರೆ ಪತಿಯ ಅನುಮತಿಯಿಲ್ಲದೆ ತಾಯಿಯು ಕೊಡಲಾಗದೆಂಬುದು ಸ್ಮೃತಿಕಾರರ ಮತವಾಗಿತ್ತು.

ನಮ್ಮ ನಾಡಿನ ಅತ್ಯಂತ ಪ್ರಸಿದ್ಧವಾದ ದತ್ತಕವು ಕಿತ್ತೂರಿನದು. 1824ರ ಸೆಪ್ಟೆಂಬರ್‌ನಲ್ಲಿ ದೊರೆ ಶಿವಲಿಂಗರುದ್ರಸರ್ಜನು ಸಂತಾನವಿಲ್ಲದೆ ತೀರಿಕೊಂಡನು. ಮಾಸ್ತಮರಡಿಯ ಗೌಡರ ಮನೆಯ ಮಗ ಶಿವಲಿಂಗಪ್ಪನು ಸಂಸ್ಥಾನಕ್ಕೆ ದತ್ತಕನಾದನು. ಧಾರವಾಡದ ಕಲೆಕ್ಟರ್ ಥ್ಯಾಕರೆ ಇದನ್ನು ಮಾನ್ಯ ಮಾಡಲಿಲ್ಲ. ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಮಡಿದನು. ಡಿಸೆಂಬರ್‌ನಲ್ಲಿ ಕೋಟೆ ಕಂಪನಿಯ ವಶವಾಯಿತು. ರಾಣಿ ಚೆನ್ನಮ್ಮನವರು 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಲಿಂಗೈಕ್ಯರಾದರು. ಲಾವಣಿಗಳು ರಾಣಿಯ ಶೌರ್ಯವನ್ನು ಹಾಡಿದವು. ಸಿಂಹಾಸನಕ್ಕೆಂದು ಮಗನನ್ನು ಒಪ್ಪಿಸಿ, ಕೆಲವೇ ತಿಂಗಳಲ್ಲಿ ಆ ಸಿಂಹಾಸನವೇ ಅಳಿದುದನ್ನು ಕಂಡ ಮನೆಯನ್ನು ನೆನೆಯುವವರು ವಿರಳ.

ಸ್ವತಂತ್ರ ಭಾರತದಲ್ಲಿ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯು ದತ್ತಕಕ್ಕಾಗಿ ಹಣ ಕೊಡುವುದನ್ನೂ ಪಡೆಯುವುದನ್ನೂ ನಿಷೇಧಿಸಿತು. ಆದರೂ ಕೊಡುವ ಅಧಿಕಾರವು ಮುಖ್ಯವಾಗಿ ತಂದೆಯದಾಗಿತ್ತು. ತಾಯಿಗೆ ಇದ್ದುದು ಸಮ್ಮತಿಯ ಹಕ್ಕು ಮಾತ್ರ. 2010ರ ತಿದ್ದುಪಡಿಯು ಇಬ್ಬರಿಗೂ ಸಮಾನ ಅಧಿಕಾರವನ್ನಿತ್ತು, ಒಬ್ಬರಿಗೆ ಮತ್ತೊಬ್ಬರ ಸಮ್ಮತಿಯನ್ನು ಅಗತ್ಯಗೊಳಿಸಿತು.

2015ರ ಬಾಲನ್ಯಾಯ ಕಾಯಿದೆಯು ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ತಮ್ಮ ಕೈಮೀರಿದ ಕಾರಣಗಳಿಂದ ಮಗುವನ್ನು ಒಪ್ಪಿಸಬಯಸುವವರು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬರಬಹುದು. ಸಮಿತಿಯು ಅವರೊಡನೆ ಸಮಾಲೋಚಿಸುತ್ತದೆ. ಒಪ್ಪಿಸಿದ ಮೇಲೂ ಮನಸ್ಸು ಬದಲಿಸಲು ಎರಡು ತಿಂಗಳ ಅವಧಿಯುಂಟು. ವಿಜ್ಞಾನೇಶ್ವರನು 'ಆಪತ್ತು' ಎಂದುದನ್ನು ಇಂದಿನ ಕಾಯಿದೆಯು 'ಕೈಮೀರಿದ ಕಾರಣ' ಎನ್ನುತ್ತದೆ. ಒಂಬತ್ತು ಶತಮಾನಗಳು ಕಳೆದರೂ ಕೊಡುವವರ ಸಂಕಟ ಒಂದೇ.

ಇಂಥ ತಾಯಿಯನ್ನು ಕಲ್ಲೆದೆಯವಳೆಂದು ಜರೆಯುವುದು ಸಲ್ಲದು. ತ್ಯಾಗಮೂರ್ತಿಯೆಂದು ಹೊಗಳಿ ಸುಮ್ಮನಾಗುವುದೂ ಸಲ್ಲದು. ದಾನದಲ್ಲಿ ಕೊಟ್ಟೆನೆಂಬ ಭಾವ ಉಳಿಯಬಹುದೆಂದೇ ಶರಣರು ದಾಸೋಹವನ್ನು ಮೇಲೆನಿಸಿದರು. ಬಡತನ, ವೈಧವ್ಯ, ಲೋಕಾಪವಾದಗಳ ಭಾರವನ್ನು ನೆರೆಯವರು ಮೊದಲೇ ಹಂಚಿಕೊಂಡರೆ ಎಷ್ಟೋ ಮಡಿಲುಗಳು ಬರಿದಾಗುವುದಿಲ್ಲ. ಆ ಹಂಚಿಕೆಯೇ ದಾಸೋಹ. ಅದಕ್ಕೂ ಮೀರಿ ಕೊಡಲೇಬೇಕಾಗಿ ಬಂದವಳಿಗೆ ಸಮಾಜವು ಸಲ್ಲಿಸಬಹುದಾದುದು ತಲೆಯೆತ್ತಿ ಬಾಳುವ ಗೌರವ.